ಗೋಡೆಯೊಳಗಿನ ತಾಮ್ರದ ಕವಲು

2005ರಿಂದೀಚೆಗೆ ಥಾಣೆ, ನವಿಮುಂಬಯಿಗಳಲ್ಲಿ ಎಂ.ಟಿ.ಎನ್.ಎಲ್. ಸಂಸ್ಥೆಯೂ ಕಲ್ಯಾಣ್, ಡೊಂಬಿವಲಿಗಳಲ್ಲಿ ಬಿ.ಎಸ್.ಎನ್.ಎಲ್. ಸಂಸ್ಥೆಯೂ ಬ್ರಾಡ್‌ಬ್ಯಾಂಡ್ ಸೇವೆಯನ್ನು ಒದಗಿಸತೊಡಗಿದಾಗ, ದಶಕಗಳಿಂದ ಕೇವಲ ಮಾತನ್ನು ಹೊತ್ತು ತರುತ್ತಿದ್ದ ತಾಮ್ರದ ಜೋಡಿತಂತಿಯೇ ಅಂತರ್ಜಾಲದ ಭಾರವನ್ನೂ ವಹಿಸಿಕೊಂಡಿತು. ಇಂದಿಗೂ ಆ ತಂತಿಯನ್ನೇ ನೆಚ್ಚಿಕೊಂಡಿರುವ ಹಳೆಯ ಕಟ್ಟಡಗಳ ಗೃಹಸ್ಥರು, ಫೋನಿನಲ್ಲಿ ಮಾತು ಸ್ಪಷ್ಟವಾಗಿದ್ದು ನೆಟ್ ಮಾತ್ರ ತೆವಳುತ್ತಿರುವುದರಿಂದ ದೋಷ ಎಕ್ಸ್‌ಚೇಂಜಿನದೇ ಎಂದು ನಿರ್ಧರಿಸಿಬಿಡುವುದುಂಟು. ಈ ತರ್ಕ ಸಾಧುವಲ್ಲ.

ಮಾನವಧ್ವನಿಯನ್ನು ಸಾಗಿಸಲು 3,400 ಹರ್ಟ್ಸ್‌ವರೆಗಿನ ಕಂಪನಗಳು ಸಾಕು, ಬ್ರಾಡ್‌ಬ್ಯಾಂಡಿನ ಎ.ಡಿ.ಎಸ್.ಎಲ್. 2+ ಪದ್ಧತಿಯಾದರೋ ಅದೇ ತಂತಿಯಲ್ಲಿ 25ರಿಂದ 2,200 ಕಿಲೋಹರ್ಟ್ಸ್‌ವರೆಗಿನ ವಿಸ್ತಾರವನ್ನು ಸುಮಾರು 4.3 ಕಿಲೋಹರ್ಟ್ಸ್ ಅಗಲದ ನೂರಾರು ಕಿರುಪಥಗಳಾಗಿ ವಿಭಜಿಸಿಕೊಳ್ಳುತ್ತದೆ. ಮೋಡೆಮ್ ಎಚ್ಚರಗೊಂಡೊಡನೆ ಪ್ರತಿಯೊಂದು ಪಥದ ಗದ್ದಲವನ್ನೂ ಅಳೆದು, ಪ್ರಶಾಂತವಾದುದರ ಮೇಲೆ 15 ಬಿಟ್‌ಗಳವರೆಗೆ ಹೇರಿ, ಗದ್ದಲವಿದ್ದಲ್ಲಿ ಹೊರೆಯನ್ನಿಳಿಸಿ, ತೀರ ಕೆಟ್ಟುದನ್ನು ತ್ಯಜಿಸುತ್ತದೆ. ತಂತಿ ಹದಗೆಟ್ಟಾಗಲೂ ಸಂಪರ್ಕವು ಕಡಿಯದೆ ಕುಂಠಿತವಷ್ಟೇ ಆಗುವುದು ಇದರಿಂದಲೇ. ಯಂತ್ರದ ಈ ವಿವೇಕ ನನಗೆ ಬಹು ಮೆಚ್ಚಿಕೆಯಾದುದು.

ಪಡಸಾಲೆಯ ಫೋನಿಗೆ ಮಲಗುವ ಕೋಣೆಯಲ್ಲೊಂದು ಎಕ್ಸ್‌ಟೆನ್ಷನ್ ಇರಲೆಂದು ಹಿಂದೊಮ್ಮೆ ಎಳೆಸಿ, ಬಳಿಕ ಫೋನನ್ನು ತೆಗೆದು, ತಂತಿಯನ್ನು ಮಾತ್ರ ಬಣ್ಣದಡಿಯಲ್ಲಿ ಉಳಿಸಿಬಿಟ್ಟ ಕವಲೇ ಅನೇಕ ವೇಳೆ ಅನರ್ಥದ ಮೂಲ. ಕಾಲುವೆಯ ಅಲೆಯು ಮುಚ್ಚಿದ ಉಪಕಾಲುವೆಯನ್ನು ಹೊಕ್ಕು, ಕೊನೆಯ ಗೋಡೆಗೆ ಬಡಿದು ಮರಳಿ ಮುಖ್ಯ ಪ್ರವಾಹವನ್ನು ಕದಡುವಂತೆ, ವಿದ್ಯುತ್ತರಂಗದ ಒಂದಂಶವೂ ಕವಲಿನ ತುದಿಯಿಂದ ಪ್ರತಿಫಲಿಸಿ ಹಿಂದಿರುಗುತ್ತದೆ. ಕವಲಿನ ಉದ್ದವು ತರಂಗದ ಉದ್ದದ ಕಾಲುಭಾಗದಷ್ಟಿದ್ದರೆ, ಹೋಗಿಬರುವಷ್ಟರಲ್ಲಿ ಅರ್ಧ ತರಂಗದ ವ್ಯತ್ಯಾಸವುಂಟಾಗಿ, ಏರು ಇಳಿತವನ್ನು ಸಂಧಿಸಿ ಎರಡೂ ಅಳಿಯುತ್ತವೆ. ತಾಮ್ರದ ಜೋಡಿಯಲ್ಲಿ ತರಂಗದ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. 2,000 ಕಿಲೋಹರ್ಟ್ಸ್‌ನಲ್ಲಿ ಅದರ ಉದ್ದ 100 ಮೀಟರ್. ಎಂದಮೇಲೆ 25 ಮೀಟರಿನ ನಿರುಪಯುಕ್ತ ತಂತಿ ಸಾಕು, ಆ ಕಂಪನದ ನೆರೆಯ ಕಿರುಪಥಗಳೆಲ್ಲ ನಿರ್ಜೀವವಾಗಲು. ಮಾತಿನ ತರಂಗವು ಹತ್ತಾರು ಕಿಲೋಮೀಟರ್ ಉದ್ದದ್ದಾದುದರಿಂದ ಇಂಥ ಕವಲು ಅದರ ಲೆಕ್ಕಕ್ಕೇ ಬಾರದು.

ಒಂದರ ಸುತ್ತ ಒಂದನ್ನು ಹೊಸೆಯದ ಚಪ್ಪಟೆ ತಂತಿಯನ್ನು ಒಳಗೆ ಬಳಸಿದ್ದರಂತೂ, ಅದು ಆಂಟೆನಾದಂತೆ ವರ್ತಿಸಿ, ಮುಂಬಯಿ ಆಕಾಶವಾಣಿಯ 558 ಮತ್ತು 1044 ಕಿಲೋಹರ್ಟ್ಸ್ ಪ್ರಸಾರಗಳನ್ನೂ ಗದ್ದಲವಾಗಿ ಸೆಳೆದುಕೊಳ್ಳಬಲ್ಲುದು. ಖಾಡಿಯ ತೇವಗಾಳಿಗೂ ನಾಲ್ಕು ತಿಂಗಳ ಮಳೆಗೂ ಸಿಕ್ಕಿದ, ಕೈಯಲ್ಲಿ ತಿರುಚಿ ಟೇಪು ಸುತ್ತಿದ ಜಾಯಿಂಟುಗಳು ಹಸುರು ಕಿಲುಬು ಹಿಡಿಯುತ್ತವೆ. ರಿಸೀವರ್ ಎತ್ತಿದಾಗ ಹರಿಯುವ ವಿದ್ಯುತ್ತು ಆ ಕಿಲುಬನ್ನು ತಾತ್ಕಾಲಿಕವಾಗಿ ಭೇದಿಸುವುದರಿಂದ, ಮಾತಾಡುವಾಗ ನೆಟ್ ಸುಧಾರಿಸಿದರೆ ಜಾಯಿಂಟನ್ನೇ ಶಂಕಿಸತಕ್ಕದ್ದು.

ಪರೀಕ್ಷೆ ಸುಲಭ. ಹೊರಗಿನ ತಂತಿ ಮನೆಯನ್ನು ಪ್ರವೇಶಿಸುವ ಮೊದಲ ಪೆಟ್ಟಿಗೆಯಲ್ಲಿ ಒಳಗಿನ ಕವಲುಗಳನ್ನೆಲ್ಲ ಕಳಚಿ, ಮೋಡೆಮನ್ನು ಅಲ್ಲಿಗೇ ಜೋಡಿಸಿ, ಅದರ ಪುಟದಲ್ಲಿ ಕಾಣುವ ಸಂಪರ್ಕವೇಗವನ್ನೂ ಗದ್ದಲವನ್ನು ತಾಳಿಕೊಳ್ಳಲು ಉಳಿದಿರುವ ಅವಕಾಶವನ್ನು ಸೂಚಿಸುವ ಎಸ್.ಎನ್.ಆರ್. ಮಾರ್ಜಿನ್‌ನ ಡೆಸಿಬೆಲ್ ಅಂಕಿಯನ್ನೂ ಮೊದಲಿನವುಗಳೊಡನೆ ಹೋಲಿಸಬೇಕು. ಅವು ಏರಿದುವೋ, ದೋಷ ಮನೆಯೊಳಗಿನದು: ಮಾತನ್ನೂ ನೆಟ್ಟನ್ನೂ ಬೇರ್ಪಡಿಸುವ ಸ್ಪ್ಲಿಟರನ್ನು ಅಲ್ಲೇ ಇರಿಸಿ, ಹೊಸೆದ ಹೊಸ ಜೋಡಿಯೊಂದನ್ನು ಮೋಡೆಮಿನವರೆಗೆ ನೇರವಾಗಿ ಎಳೆಸಿ, ಹಳೆಯ ಕವಲುಗಳನ್ನು ಕಳಚಿದಂತೆಯೇ ಬಿಡುವುದು. ಏರದಿದ್ದರೆ ದೂರು ಕೊಡುವಾಗ ಆ ಅಂಕಿಗಳನ್ನು ತಿಳಿಸಿದಲ್ಲಿ, ಲೈನ್‌ಮನ್ ಮನೆಯ ಗೋಡೆಗಳನ್ನು ತಡಕದೆ ನೆಟ್ಟಗೆ ಮನೆಮನೆಗೆ ತಂತಿಗಳನ್ನು ಹಂಚುವ, ಕಟ್ಟಡದ ಕೆಳಗಿನ ಡಿ.ಪಿ. ಪೆಟ್ಟಿಗೆಗೆ ಹೋಗಬಹುದು.