ಅಂಬಾಸಿಡರ್ ಕಾರಿನ ಮುಂಬದಿಯ ಆಸನ: ಪುನರುದ್ಧಾರದ ಕ್ರಮ

ಬಂಗಾಳದ ಉತ್ತರಪಾಡಾದ ಕಾರ್ಖಾನೆಯಲ್ಲಿ 1950ರ ದಶಕದ ಅಂತ್ಯದಿಂದ 2014ರವರೆಗೆ ನಿರ್ಮಾಣಗೊಂಡ ಅಂಬಾಸಿಡರ್ ಕಾರಿನ ಹಳೆಯ ಮಾದರಿಗಳಲ್ಲಿ, ಚಾಲಕನೂ ಸಹಪ್ರಯಾಣಿಕರೂ ಒಟ್ಟಾಗಿ ಕುಳಿತುಕೊಳ್ಳುತ್ತಿದ್ದ ಮುಂಬದಿಯ ಉದ್ದನೆಯ ಆಸನವು ಕುಸಿದಿದ್ದರೆ, ಮೇಲ್ಹೊದಿಕೆಯನ್ನಷ್ಟೇ ಬದಲಿಸಿ ತೃಪ್ತರಾಗುವುದು ಉಚಿತವಲ್ಲ. ಏಕೆಂದರೆ ದೋಷದ ಮೂಲವು ಬಹುಮಟ್ಟಿಗೆ ಒಳಗಿನ ಸ್ಪ್ರಿಂಗುಗಳಲ್ಲಿಯೇ ಅಡಗಿರುತ್ತದೆ.

ಮೊದಲು, ನೆಲಕ್ಕೆ ಬಿಗಿದಿರುವ ಬೋಲ್ಟುಗಳನ್ನು, ತುಕ್ಕು ಹಿಡಿದಿದ್ದರೆ ಎಣ್ಣೆ ಬಿಟ್ಟು ಕಾದು, ಸಾವಧಾನದಿಂದ ಸಡಿಲಿಸಿ ಆಸನವನ್ನು ಹೊರತೆಗೆಯಬೇಕು. ತರುವಾಯ ಹಳೆಯ ರೆಕ್ಸಿನನ್ನು ಹರಿಯದೆ, ಹೊಲಿಗೆ ಬಿಚ್ಚಿ, ಪ್ರತಿಯೊಂದು ತುಂಡಿಗೂ ಗುರುತು ಹಾಕಿ ಇರಿಸಿಕೊಳ್ಳಬೇಕು. ಹೊಸ ಹೊದಿಕೆಯನ್ನು ಕತ್ತರಿಸಲು ಇದಕ್ಕಿಂತ ವಿಶ್ವಾಸಾರ್ಹವಾದ ಅಳತೆ ಮತ್ತೊಂದಿಲ್ಲ.

ಮುರಿದ ಸ್ಪ್ರಿಂಗುಗಳನ್ನು ಬದಲಿಸಿ, ಚೌಕಟ್ಟಿನ ತುಕ್ಕನ್ನು ಉಜ್ಜಿ ತೆಗೆದು ರೆಡ್ ಆಕ್ಸೈಡ್ ಬಳಿದ ಮೇಲೆ, ಸ್ಪ್ರಿಂಗುಗಳ ಮೇಲೆ ದಪ್ಪನೆಯ ಗೋಣಿಬಟ್ಟೆಯನ್ನು ಬಿಗಿಯಾಗಿ ಹಾಸತಕ್ಕದ್ದು. ಇದಿಲ್ಲದಿದ್ದರೆ ಉಕ್ಕಿನ ಸುರುಳಿಗಳು ಮೇಲಿನ ಹಾಸನ್ನು ಅನುದಿನವೂ ಕೊರೆದು ಪುಡಿಮಾಡುವುವು. ಗೋಣಿಯ ಮೇಲೆ ತೆಂಗಿನ ನಾರಿನ ಹಾಸು, ಅದರ ಮೇಲೆ ಘನಮೀಟರಿಗೆ ಸುಮಾರು 40 ಕಿಲೋಗ್ರಾಂ ಸಾಂದ್ರತೆಯ ಫೋಮ್: ನಾರು ಭಾರವನ್ನು ಹಂಚುತ್ತದೆ, ಫೋಮು ಮಾರ್ದವವನ್ನು ಕೊಡುತ್ತದೆ.

ಹೊಸ ರೆಕ್ಸಿನನ್ನು ಬಿಸಿಲಿನಲ್ಲಿ ಕೆಲಕಾಲ ಹರವಿ, ಅದು ಮೃದುವಾದ ಬಳಿಕ ಮಧ್ಯದಿಂದ ಅಂಚುಗಳ ಕಡೆಗೆ ಸಮವಾಗಿ ಎಳೆದು ಬಿಗಿದರೆ ಸುಕ್ಕು ಉಳಿಯದು.

ಇಂಥ ಕೆಲಸವನ್ನು ಬಲ್ಲ ಕುಶಲಕರ್ಮಿಗಳು ನಿಮ್ಮ ಊರಿನಲ್ಲಿದ್ದರೆ, ಹೊದಿಕೆಯ ಬೆಲೆಯನ್ನಷ್ಟೇ ಕೇಳದೆ, ಒಳಗೆ ಏನೇನು ಹಾಕುವರೆಂಬುದನ್ನೂ ವಿಚಾರಿಸಿರಿ. ಆಸನದ ಆಯುಷ್ಯವು ನಿರ್ಧಾರವಾಗುವುದು ಅಲ್ಲಿಯೇ.