ಹಳೆಯ ಜೀಪಿನ ಗೇರ್ ಆಯಿಲ್ ಸೋರುವುದು ಎಲ್ಲಿಂದ?

ಕಾಸರಗೋಡಿನ ಮಲೆ ಪ್ರದೇಶಗಳಲ್ಲಿ ಹಳೆಯ ಮಹೀಂದ್ರ ಜೀಪುಗಳಿಗೆ ಇನ್ನೂ ಕೆಲಸವಿದೆ. ಅಡಿಕೆ ಮೂಟೆ, ಗೊಬ್ಬರ, ಮದುವೆ ಮನೆಯ ಪಾತ್ರೆ ಎಲ್ಲಕ್ಕೂ ಅದೇ ಆಗಬೇಕು. ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಿಗ್ಗೆ ಎಣ್ಣೆಯ ಕಲೆ ಕಂಡರೆ, 'ಜೀಪು ಅಂದ ಮೇಲೆ ಸೋರಲೇಬೇಕು' ಎಂದು ನಕ್ಕು ಬಿಡುವವರೇ ಹೆಚ್ಚು. ಆದರೆ ವಿಲ್ಲಿಸ್ ವಿನ್ಯಾಸದ ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕಿನ ಡ್ರಮ್ ಇರುವುದು ಚಕ್ರದಲ್ಲಲ್ಲ. ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ. ಅಲ್ಲಿನ ಆಯಿಲ್ ಸೀಲ್ ಹೋದರೆ ಎಣ್ಣೆ ನೇರವಾಗಿ ಬ್ರೇಕ್ ಲೈನಿಂಗಿಗೆ ಇಳಿಯುತ್ತದೆ. ಇಳಿಜಾರಿನಲ್ಲಿ ನಿಲ್ಲಿಸಿದ ಜೀಪು ತಾನಾಗಿ ಹೊರಡಲು ಅಷ್ಟು ಸಾಕು.

ಮೊದಲು ಸೋರುತ್ತಿರುವ ಎಣ್ಣೆ ಯಾವುದೆಂದು ನೋಡಿ. ರಾತ್ರಿ ಜೀಪಿನಡಿ ಒಂದು ರಟ್ಟು ಹಾಸಿ, ಅದರ ಮೇಲೆ ಮುಂಭಾಗ ಯಾವುದೆಂದು ಗುರುತು ಮಾಡಿಡಿ. ಡೀಸೆಲ್ ಎಂಜಿನಿನ ಆಯಿಲ್ ಮಸಿಯಂತೆ ಕಪ್ಪಗಿರುತ್ತದೆ. ಗೇರ್ ಆಯಿಲ್ ಅದಕ್ಕಿಂತ ದಪ್ಪ, ಗಂಧಕದ ಗಾಟು ವಾಸನೆ. ಒಮ್ಮೆ ಮೂಸಿದವರು ಮರೆಯಲಾರರು! ಬ್ರೇಕ್ ಆಯಿಲ್ ನೀರಿನಂತೆ ತೆಳುವಾಗಿರುತ್ತದೆ.

ಹನಿ ಬಿದ್ದ ಜಾಗವೇ ಸೋರುವ ಜಾಗ ಎಂದುಕೊಳ್ಳಬಾರದು. ಎಣ್ಣೆ ಕೆಳಕ್ಕೆ ಇಳಿಯುತ್ತದೆ, ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ, ಕೊನೆಗೆ ಎಲ್ಲಕ್ಕಿಂತ ತಗ್ಗಿನ ಬೋಲ್ಟಿನಿಂದ ತೊಟ್ಟಿಕ್ಕುತ್ತದೆ. ವರ್ಷಗಟ್ಟಲೆ ಅಂಟಿದ ಕೆಸರು, ಜಿಡ್ಡಿನ ನಡುವೆ ಏನೂ ತಿಳಿಯದು. ಸೀಮೆ ಎಣ್ಣೆ ಮತ್ತು ಬ್ರಶ್ ಹಿಡಿದು ಅಡಿಭಾಗವನ್ನು ಚೆನ್ನಾಗಿ ತೊಳೆದು ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರನ್ನೇ ತೆಳುವಾಗಿ ಉದುರಿಸಿ. ನಾಲ್ಕೈದು ಕಿಲೋಮೀಟರ್ ಓಡಿಸಿ ಬಂದು ಟಾರ್ಚ್ ಹಾಕಿ ನೋಡಿದರೆ, ಒದ್ದೆಯಾದವುಗಳಲ್ಲಿ ಎಲ್ಲಕ್ಕಿಂತ ಮೇಲಿನ, ಮುಂದಿನ ಜಾಗವೇ ಮೂಲ. ಇದಕ್ಕೆ ಅರ್ಧ ದಿನ ಬೇಕು. ಹಾಗಾಗಿಯೇ ಇದನ್ನು ಬಿಟ್ಟು ನೇರವಾಗಿ ಸೀಲ್ ಬದಲಿಸುವ ರೂಢಿ.

ಜೀಪಿನಡಿ ಹೋಗುವ ಮುನ್ನ ಒಂದು ಎಚ್ಚರಿಕೆ. ಈ ಬಗೆಯ ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು. ಹಿಂದಿನ ಒಂದೇ ಚಕ್ರವನ್ನು ಜಾಕ್ ಹಾಕಿ ಎತ್ತಿದರೆ ಡಿಫರೆನ್ಶಿಯಲ್ ಮೂಲಕ ಆ ಚಕ್ರ ತಿರುಗಿ, ನೆಲದ ಮೇಲಿರುವ ಇನ್ನೊಂದು ಚಕ್ರ ಉರುಳಬಹುದು. ಬ್ರೇಕ್ ಎಳೆದಿದ್ದೇನೆ ಎಂಬ ಧೈರ್ಯ ಬೇಡ. ಚಕ್ರಗಳಿಗೆ ಕಲ್ಲು ಕೊಡಿ. ಜಾಕನ್ನು ಮಾತ್ರ ನಂಬಿ ಅಡಿಗೆ ನುಗ್ಗಬೇಡಿ.

ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸ್ ಒಂದಕ್ಕೊಂದು ತಾಗಿಕೊಂಡಿವೆ. ನಡುವಿನ ತಡೆ ಸವೆದರೆ ಒಂದರ ಎಣ್ಣೆ ಇನ್ನೊಂದಕ್ಕೆ ಸರಿಯುತ್ತದೆ. ಆಗ ಸೋರುವುದು ಟ್ರಾನ್ಸ್‌ಫರ್ ಕೇಸ್, ಬರಿದಾಗುವುದು ಗೇರ್‌ಬಾಕ್ಸ್! ಗೇರ್‌ಬಾಕ್ಸ್ ಹಿಡಿಸುವುದೇ ಸುಮಾರು ಒಂದು ಲೀಟರ್. ಆದುದರಿಂದ ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಎರಡರ ಫಿಲ್ಲರ್ ಪ್ಲಗ್ಗನ್ನೂ ಬಿಚ್ಚಿ ನೋಡಬೇಕು. ಎಣ್ಣೆ ತೂತಿನ ಕೆಳ ಅಂಚಿನವರೆಗೆ ಇರಬೇಕು.

ಹೊಸ ಸೀಲ್ ಹಾಕಿ ತಿಂಗಳಾಗುವುದರೊಳಗೆ ಮತ್ತೆ ಸೋರಿದರೆ ಸೀಲನ್ನು ಬೈದು ಪ್ರಯೋಜನವಿಲ್ಲ. ಸೀಲಿನ ತುಟಿ ಉಜ್ಜುವ ಕಡೆ ಫ್ಲೇಂಜಿನ ಮೇಲೆ ಗೆರೆ ಬಿದ್ದಿದೆಯೇ ಎಂದು ಉಗುರಿನಿಂದ ಗೀರಿ ನೋಡಿ. ಉಗುರು ಸಿಕ್ಕಿಕೊಂಡರೆ ಫ್ಲೇಂಜ್ ಬದಲಿಸಬೇಕು, ಇಲ್ಲವೇ ಅದಕ್ಕೆ ತೆಳು ಸ್ಲೀವ್ ಹೊಡೆಸಬೇಕು. ಶಾಫ್ಟನ್ನು ಮೇಲೆ ಕೆಳಗೆ ಅಲ್ಲಾಡಿಸಿದಾಗ ಆಟವಿದ್ದರೆ ಬೇರಿಂಗ್ ಸವೆದಿದೆ. ಅದನ್ನು ಸರಿಪಡಿಸದೆ ಯಾವ ಸೀಲೂ ನಿಲ್ಲದು. ಬ್ರೀದರ್ ತೂತು ಕೆಸರಿನಿಂದ ಮುಚ್ಚಿಹೋದರೆ ಬಿಸಿಯಾದಾಗ ಒಳಗೆ ಒತ್ತಡ ಹೆಚ್ಚಿ ಒಳ್ಳೆಯ ಸೀಲಿನಿಂದಲೂ ಎಣ್ಣೆ ಹೊರಬರುತ್ತದೆ. ಇದನ್ನು ಸರಿಮಾಡಲು ಒಂದು ಪೈಸೆಯೂ ಬೇಡ, ತಂತಿ ಸಾಕು. ಮೊದಲು ನೋಡಬೇಕಾದದ್ದೂ ಇದನ್ನೇ.

ಮಳೆಗಾಲದಲ್ಲಿ ತೋಡು ದಾಟುವವರು ಇನ್ನೊಂದು ಗಮನಿಸಬೇಕು. ಬಿಸಿಯಾದ ಪೆಟ್ಟಿಗೆ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಪೂರ್ತಿ ಬದಲಿಸಬೇಕು.

ಕೇಸಿನ ಗ್ಯಾಸ್ಕೆಟಿನಿಂದ ವಾರಕ್ಕೆ ನಾಲ್ಕು ಹನಿ ಬೀಳುವುದನ್ನು ಮಟ್ಟ ನೋಡುತ್ತಾ ಬೇಸಿಗೆಯವರೆಗೆ ತಳ್ಳಬಹುದು. ಎರಡನ್ನು ಮಾತ್ರ ತಳ್ಳುವಂತಿಲ್ಲ. ಬೆಲ್ ಹೌಸಿಂಗಿನ ಅಡಿಯ ತೂತಿನಿಂದ ಬರುವ ಎಣ್ಣೆ ಕ್ಲಚ್ ಪ್ಲೇಟಿಗೂ ತಾಗುತ್ತದೆ. ಅದು ಕಪ್ಪಗಿದ್ದರೆ ಎಂಜಿನಿನ ಹಿಂದಿನ ಸೀಲ್, ಗಂಧಕದ ವಾಸನೆಯಿದ್ದರೆ ಗೇರ್‌ಬಾಕ್ಸಿನ ಮುಂಭಾಗ. ಇನ್ನೊಂದು ಹ್ಯಾಂಡ್ ಬ್ರೇಕ್ ಡ್ರಮ್ಮಿನದು. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವವರಿದ್ದಾರೆ. ಡ್ರಮ್ ಬಿಸಿಯಾದೊಡನೆ ಒಳಗಿನ ಎಣ್ಣೆ ಪುನಃ ಮೇಲೆ ಬರುತ್ತದೆ. ಸೀಲಿನ ಜತೆಗೇ ಲೈನಿಂಗನ್ನೂ ಹೊಸದು ಹಾಕಿಸಿ.