ಮೌನವು ಸಮ್ಮತಿಯೇ?

‘ಮೌನಂ ಸಮ್ಮತಿಲಕ್ಷಣಂ’ ಎಂದರು ಹಿರಿಯರು. ಮದುವೆಯ ಮಾತುಕತೆಗೆ ಸಲ್ಲುವ ಈ ನುಡಿ ಮಕ್ಕಳ ಮನಸ್ಸಿನ ವಿಷಯಕ್ಕೂ ಸಲ್ಲುವುದೇ?

ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ‘ಟೀನ್‌ಸ್ಕ್ರೀನ್’ ಎಂಬ ಯೋಜನೆಯೊಂದು ರೂಪುಗೊಂಡಿತು. ಹದಿಹರೆಯದ ವಿದ್ಯಾರ್ಥಿಗಳಿಗೆ ಪ್ರಶ್ನಾವಳಿ ಕೊಟ್ಟು, ಖಿನ್ನತೆಯ, ಆತ್ಮಹತ್ಯೆಯ ಯೋಚನೆಯ ಸುಳಿವನ್ನು ಶಾಲೆಯಲ್ಲಿಯೇ ಅರಸುವುದು ಅದರ ಉದ್ದೇಶ. ಕೆಲವು ಶಾಲೆಗಳು ಮನೆಗೆ ಪತ್ರ ಕಳುಹಿಸಿ, ಬೇಡವೆಂಬ ಉತ್ತರ ಬಾರದಿದ್ದರೆ ತಂದೆತಾಯಿಗಳು ಒಪ್ಪಿದರೆಂದೇ ಭಾವಿಸಿದವು. ತಮ್ಮನ್ನು ಕೇಳಲಿಲ್ಲವೆಂದು 2005ರಲ್ಲಿ ಇಂಡಿಯಾನಾ ರಾಜ್ಯದ ತಂದೆತಾಯಿಗಳು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. 2012ರಲ್ಲಿ ಯೋಜನೆ ನಿಂತಿತು, ಪ್ರಶ್ನೆ ನಿಲ್ಲಲಿಲ್ಲ. 2025ರಲ್ಲಿ ಇಲಿನಾಯ್ ರಾಜ್ಯ ಮಾಡಿದ ಕಾನೂನಿನಂತೆ, 2027–28ರ ಶಾಲಾವರ್ಷದಿಂದ ಮೂರರಿಂದ ಹನ್ನೆರಡನೆಯ ತರಗತಿಯವರಿಗೆ ಸರಕಾರಿ ಶಾಲೆಗಳು ವರ್ಷಕ್ಕೊಮ್ಮೆಯಾದರೂ ಇಂಥ ಪರೀಕ್ಷೆ ಏರ್ಪಡಿಸಬೇಕು. ಒಲ್ಲೆವೆನ್ನುವ ಹಕ್ಕು ತಂದೆತಾಯಿಗಳಿಗುಂಟು, ಸುಮ್ಮನಿದ್ದರೆ ಸಮ್ಮತಿ.

ಪ್ರಶ್ನಾವಳಿ ಒಂದು ಜರಡಿ, ರೋಗನಿರ್ಣಯವಲ್ಲ. ಅದರಲ್ಲಿ ನಿಂತವರೆಲ್ಲ ರೋಗಿಗಳಲ್ಲ, ಜಾರಿದವರೆಲ್ಲ ಸುಖಿಗಳೂ ಅಲ್ಲ. ಆದುದರಿಂದಲೇ ಶಾಲೆ ತಂದೆತಾಯಿಗಳನ್ನು ಬಾಯಿಬಿಟ್ಟು ಕೇಳಬೇಕು; ಸುಳಿವು ಕಂಡಲ್ಲಿ ಚಿಕಿತ್ಸೆಯ ದಾರಿಯನ್ನೂ ತೋರಬೇಕು.

ನಾನು ಅಧ್ಯಾಪಕನೂ ಹೌದು, ತಂದೆಯೂ ಹೌದು. ಈ ವಾದದಲ್ಲಿ ತಂದೆತಾಯಿಗಳ ಪಕ್ಷವೇ ನನ್ನದು. ಆದರೆ ಹಕ್ಕಿನ ಬೆನ್ನಿಗೇ ಹೊಣೆಯೂ ಬರುತ್ತದೆ. ನಮ್ಮ ಮೌನವನ್ನು ಶಾಲೆ ಸಮ್ಮತಿಯೆಂದು ತಿಳಿದರೆ ಕೆರಳುವ ನಾವು, ಊಟದ ಎಲೆಯ ಮುಂದೆ ತುಟಿಬಿಚ್ಚದೆ ಎದ್ದುಹೋಗುವ ಮಗನ ಮೌನವನ್ನು ಕ್ಷೇಮವೆಂದು ತಿಳಿಯಬಹುದೇ? ಪರೀಕ್ಷೆ ಬೇಡವೆಂದು ರುಜು ಹಾಕಿದ ಕೈ, ಅದೇ ಸಂಜೆ ಆ ಮಗುವಿನ ಹೆಗಲ ಮೇಲೆ ಇರಬೇಕು. ಶಾಲೆ ಕೇಳಲಿದ್ದ ಪ್ರಶ್ನೆಯನ್ನು ಮನೆಯಾದರೂ ಕೇಳಬೇಕು.